ಮೂರು ತಿಂಗಳ ಮಗುವಿಗೆ ಏನು ಹಚ್ಚಲಿ?

ಪ್ರಶ್ನೆ: ಅತ್ತೆ ದಿನಾ ಮಗಳಿಗೆ ಕಡಲೆಹಿಟ್ಟು ಉಜ್ಜಿ ಎರೀತಾರೆ, ಆಮೇಲೆ ಕತ್ತಿಗೆ ಪೌಡರ್. ಅದು ಬೆವರಿಗೆ ಮುದ್ದೆ ಕಟ್ಟಿ, ಈಗ ಮಡಿಕೆಯಲ್ಲೆಲ್ಲ ಕೆಂಪು ಗುಳ್ಳೆ. ಯಾವ ಕ್ರೀಮ್ ತರಲಿ?

ಉತ್ತರ: ಅಕ್ಕಾ, ಕ್ರೀಮ್ ಆಮೇಲೆ, ಮೊದಲು ಪೌಡರ್ ಬಿಡಿ. ಆ ಪುಡಿ ಉಸಿರಲ್ಲಿ ಒಳಗೆ ಹೋದ್ರೆ ಶ್ವಾಸಕೋಶಕ್ಕೆ ತೊಂದರೆ. ಕಡಲೆಹಿಟ್ಟೂ ಎಳೇ ಚರ್ಮಕ್ಕೆ ಒರಟೇ. ಕತ್ತನ್ನ ಒದ್ದೆ ಬಟ್ಟೇಲಿ ಒರೆಸಿ, ಹಳೇ ಪಂಚೆ ತುಂಡಲ್ಲಿ ಒತ್ತಿ ಒಣಗಿಸಿ, ಸಾಕು. ಗುಳ್ಳೆಯಿಂದ ನೀರು ಸೋರಿದ್ರೆ ಡಾಕ್ಟರಿಗೆ ತೋರಿಸಿ. ನನ್ನ ಮಗನ ಕೈಕಾಲಿಗೆ ಬರೀ ಕೊಬ್ಬರಿ ಎಣ್ಣೆ ಹಚ್ತಿದ್ದೆ.

ಇನ್ನೊಬ್ಬರು: ಡಬ್ಬಿ ಮುಂದೆ 'ಬೇಬಿ' ಅಂತಿದ್ರೆ ಮರುಳಾಗ್ಬೇಡಿ, ಹಿಂದೆ ತಿರುಗಿಸಿ. 'ಪರ್ಫ್ಯೂಮ್' ಕಂಡ್ರೆ ಅಲ್ಲೇ ಇಟ್ಬಿಡಿ. ಹೊಸದನ್ನ ತೋಳಿಗೆ ಚೂರು ಹಚ್ಚಿ 24 ಗಂಟೆ ಕಾಯಿರಿ.

ಪ್ರಶ್ನೆ ಕೇಳಿದವಳು: ಪೌಡರ್ ಅಟ್ಟ ಸೇರಿತು. ಕಡಲೆಹಿಟ್ಟಿನ ವಿಷಯ ಅತ್ತೆಗೆ ಅವರ ಮಗನೇ ಹೇಳ್ಲಿ!