ರೂಲೆಟ್: ಒಂದೇ ಬಣ್ಣ ಸತತ ಐದು ಸಲ ಬಂದ ಮೇಲೆ ಎದುರು ಬಣ್ಣಕ್ಕೆ ಕಟ್ಟೋದು – ದಾಖಲೆ ಇಡೋದು ಹೇಗೆ?

ಕುಂದಾನಗರಿ
ಪಣಜಿ ಕ್ಯಾಸಿನೊಗಳಲ್ಲಿ ರೂಲೆಟ್ (ತಿರುಗೋ ಚಕ್ರದಲ್ಲಿ ಚೆಂಡು ಯಾವ ನಂಬರಿಗೆ, ಯಾವ ಬಣ್ಣಕ್ಕೆ ಬೀಳುತ್ತೆ ಅಂತ ದುಡ್ಡು ಕಟ್ಟೋ ಆಟ) ಟೇಬಲ್ ಪಕ್ಕದ ಬೋರ್ಡಿನಲ್ಲಿ ಹಿಂದಿನ ಸುತ್ತುಗಳ ನಂಬರು ಕಾಣುತ್ತಲ್ಲ, ಅದನ್ನು ನೋಡಿ ಒಂದೇ ಬಣ್ಣ ಸತತ ಐದು ಸಲ ಬಂದರೆ ಎದುರು ಬಣ್ಣಕ್ಕೆ ಕಟ್ಟೋದು, ಸೋತರೆ ದುಪ್ಪಟ್ಟು ಮಾಡೋದು. ಈ ಪದ್ಧತಿಯನ್ನು ದುಡ್ಡು ಹಾಕುವ ಮೊದಲು ಕಾಗದದ ಮೇಲೆ ಪರೀಕ್ಷೆ ಮಾಡಬೇಕು. ಒಂದೇ ಸೊನ್ನೆ ಇರುವ ಚಕ್ರ (18 ಕೆಂಪು, 18 ಕಪ್ಪು, ಒಂದು ಸೊನ್ನೆ), ಕನಿಷ್ಠ 100, ಗರಿಷ್ಠ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. ಯಾವ ಕಾಲಂ ಬೇಕು, ಎಷ್ಟು ಸುತ್ತು ಬರೆದರೆ ಸಾಕು? ಸೊನ್ನೆ ಬಂದರೆ ಅದನ್ನು ಬಿಟ್ಟು ಎಣಿಸಬೇಕಾ?

ಲೆಕ್ಕದಯ್ಯ
ಸೊನ್ನೆಯಿಂದಲೇ ಶುರು ಮಾಡೋಣ, ಹೆಚ್ಚಿನವರ ಪುಸ್ತಕ ಕೆಡೋದು ಅಲ್ಲೇ. ಬ್ಯಾಂಕರ್, ಪ್ಲೇಯರ್ ಅನ್ನೋ ಎರಡು ಕೈಗಳಲ್ಲಿ ಯಾವುದು ಗೆಲ್ಲುತ್ತೆ ಅಂತ ಕಟ್ಟೋ ಇಸ್ಪೀಟ್ ಆಟ ಬಕಾರಾದಲ್ಲಿ ಟೈ (ಸಮ) ಆದರೆ ಬ್ಯಾಂಕರ್‌ಗೋ ಪ್ಲೇಯರ್‌ಗೋ ಕಟ್ಟಿದ ದುಡ್ಡು ವಾಪಸ್ ಬರುತ್ತೆ. ಅದಕ್ಕೇ ಅಲ್ಲಿಯ ಸ್ಕೋರ್ ಹಾಳೆಯಲ್ಲಿ ಟೈಗೆ ಹೊಸ ಕಾಲಂ ಶುರು ಮಾಡಲ್ಲ, ಹಿಂದಿನ ಗುರುತಿನ ಮೇಲೇ ಹಸಿರು ಗೀಟು ಎಳೀತಾರೆ. ಆ ಅಭ್ಯಾಸ ರೂಲೆಟ್‌ಗೆ ತರಬೇಡಿ. ಇಲ್ಲಿ ಸೊನ್ನೆ ಬಂದರೆ ಕೆಂಪಿಗೂ ಸೋಲು, ಕಪ್ಪಿಗೂ ಸೋಲು. ಸರಣಿ ಮುರಿಯಿತು ಅಂತ ಬರೆಯಿರಿ. ಕಟ್ಟಬೇಕಾದ ಸುತ್ತಿನಲ್ಲಿ ಬಂದಿದ್ದರೆ ಸೋಲು ಅಂತ ಬರೆಯಿರಿ. ಬಿಟ್ಟುಬಿಟ್ಟರೆ ಗೆಲುವು ಶೇ 50 ಅನಿಸುತ್ತೆ, ನಿಜವಾಗಿ ಇರೋದು 37ರಲ್ಲಿ 18, ಅಂದರೆ ಶೇ 48.65. ಕ್ಯಾಸಿನೊದ ಲಾಭವೆಲ್ಲ ಕೂತಿರೋದು ಆ ಒಂದು ಮನೆಯಲ್ಲೇ.

ಕಾಲಂ ನಾಲ್ಕು ಸಾಕು: ಸುತ್ತಿನ ಕ್ರಮಸಂಖ್ಯೆ, ಬಿದ್ದ ನಂಬರು, ಅದಕ್ಕೂ ಮುಂಚೆ ಒಂದೇ ಬಣ್ಣ ಸತತ ಎಷ್ಟು ಸಲ ಬಂದಿತ್ತು, ಈಗ ಬಂದಿದ್ದು ಅದೇ ಬಣ್ಣವೋ ಎದುರಿನದೋ ಸೊನ್ನೆಯೋ. ಎಣಿಕೆಯನ್ನು ಐದಕ್ಕೆ ನಿಲ್ಲಿಸಬೇಡಿ. ಆರು, ಏಳು, ಎಂಟು ಆದಾಗಲೂ ಬರೆಯಿರಿ, ದುಪ್ಪಟ್ಟು ಮಾಡಿದ ದುಡ್ಡು ಸಿಕ್ಕಿಹಾಕಿಕೊಳ್ಳೋದು ಅಲ್ಲೇ. ಬೋರ್ಡಿನಲ್ಲಿ ಉದ್ದ ಸರಣಿ ಕಂಡ ಟೇಬಲ್ ಹುಡುಕಿ, ಆ ಸರಣಿಯನ್ನೂ ಸೇರಿಸಿಕೊಂಡು ಬರೆಯೋಕೆ ಕೂತರೆ ಲೆಕ್ಕ ಮೊದಲ ಸಾಲಿನಲ್ಲೇ ಓರೆ.

ಇನ್ನು ಎಷ್ಟು ಸುತ್ತು ಅನ್ನೋದು. ಹಿಂದಿನ ಐದೂ ಒಂದೇ ಬಣ್ಣ ಆಗಿರುವ ಸಂದರ್ಭ ಸರಾಸರಿ 18 ಸುತ್ತಿಗೆ ಒಂದು ಸಿಗುತ್ತೆ. ನೀವು ಹಿಡಿಯಬೇಕಾದ ವ್ಯತ್ಯಾಸ 48.65 ಮತ್ತು 50ರ ನಡುವಿನದು, ಶೇ 1.35 ಅಷ್ಟೇ. ಅಂಥ 400 ಸಂದರ್ಭ ಬರೆದರೂ ಬರೀ ಆಕಸ್ಮಿಕದಿಂದಲೇ ಉತ್ತರ ಶೇ 5ರಷ್ಟು ಆಚೀಚೆ ಓಲಾಡುತ್ತೆ. ಅದನ್ನು ಶೇ 1ಕ್ಕೆ ಇಳಿಸಲು 10,000 ಸಂದರ್ಭ ಬೇಕು, ಅಂದರೆ 1,80,000ಕ್ಕೂ ಹೆಚ್ಚು ಸುತ್ತು. ಗಂಟೆಗೆ 40 ಸುತ್ತು ಅಂದರೆ ಸುಮಾರು 4,600 ಗಂಟೆ. ಎಕ್ಸೆಲ್‌ನಲ್ಲಿ ಯಾದೃಚ್ಛಿಕ ನಂಬರು ಕೊಡೋ ರ್ಯಾಂಡ್‌ಬಿಟ್ವೀನ್ (RANDBETWEEN) ಸೂತ್ರಕ್ಕೆ 0 ಮತ್ತು 36 ಕೊಟ್ಟು, 1ರಿಂದ 18 ಕೆಂಪು ಅಂತ ಇಟ್ಟುಕೊಂಡು ಒಂದು ಕಾಲಂ ಮಾಡಿ ನೋಡಿ. 100 ಸುತ್ತಿನೊಳಗೆ ಆರೇಳು ಒಂದೇ ಬಣ್ಣ ಸತತ ಬರೋದು ಅಲ್ಲೂ ಮಾಮೂಲು. ಟೇಬಲ್‌ನ ಪಟ್ಟಿಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಗುರುತು ಹತ್ತಲ್ಲ.

ಕುಂದಾನಗರಿ
ಧನ್ಯವಾದ ಸರ್. ಚಕ್ರವೇ ಸ್ವಲ್ಪ ವಾಲಿದ್ದರೆ ಬಣ್ಣದ ದಾಖಲೆಯಲ್ಲಿ ಅದು ಗೊತ್ತಾಗಲ್ವಾ?

ಚಕ್ರಪಾಣಿ
ಬಣ್ಣದಲ್ಲಿ ಗೊತ್ತಾಗೋದು ತುಂಬಾ ಕಷ್ಟ. ಚಕ್ರದ ಸುತ್ತ ನಂಬರು ಕೂರಿಸಿರೋದು ನೋಡಿ: 0, 32 ಕೆಂಪು, 15 ಕಪ್ಪು, 19 ಕೆಂಪು, 4 ಕಪ್ಪು, 21 ಕೆಂಪು, 2 ಕಪ್ಪು... ಒಂದು ಬಿಟ್ಟು ಒಂದು. ಚಕ್ರದ ಒಂದು ಭಾಗಕ್ಕೆ ಚೆಂಡು ಹೆಚ್ಚು ಬಿದ್ದರೂ ಆ ಭಾಗದಲ್ಲಿ ಎರಡೂ ಬಣ್ಣ ಹೆಚ್ಚುಕಮ್ಮಿ ಸಮ ಇರುತ್ತೆ, ದೋಷ ಅಲ್ಲೇ ಮುಚ್ಚಿಹೋಗುತ್ತೆ. ಅದು ಕಾಣೋದು ನಂಬರುವಾರು ಎಣಿಕೆಯಲ್ಲಿ. ಲೆಕ್ಕದಯ್ಯನವರು ನಂಬರನ್ನೇ ಬರೆಯಿರಿ ಅಂದಿದ್ದು ಇದಕ್ಕೂ ಉಪಯೋಗಕ್ಕೆ ಬರುತ್ತೆ.

ದುಪ್ಪಟ್ಟಿನ ಲೆಕ್ಕ ನನಗೆ ಇದಕ್ಕಿಂತ ಮುಖ್ಯ. 100, 200, 400, 800, 1,600, 3,200, 6,400. ಏಳು ಮೆಟ್ಟಿಲು, ಒಟ್ಟು 12,700. ಎಂಟನೆಯದಕ್ಕೆ 12,800 ಬೇಕು, ಟೇಬಲ್ ಮಿತಿ ಬಿಡಲ್ಲ. ಏಳೂ ಸೋಲುವ ಸಾಧ್ಯತೆ 106ಕ್ಕೆ ಒಂದು. ಉಳಿದ 105 ಸಲ ಗೆದ್ದು ಬರೋದು 10,500, ಆ ಒಂದು ಸಲ ಹೋಗೋದು 12,700. "ಐದು ಕಪ್ಪು ಬಂದಾಗಿದೆ, ಇನ್ನೂ ಏಳು ಬರೋದುಂಟೇ" ಅನ್ನೋ ವಾದ ನಿಲ್ಲಲ್ಲ. ಆಗಿಹೋದ ಐದು ಲೆಕ್ಕದಿಂದ ಆಚೆ, ಮುಂದಿನ ಏಳಕ್ಕೆ ಅದೇ 106ಕ್ಕೆ ಒಂದು. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದಲ್ಲಿ ಕಪ್ಪು ಸತತ 26 ಸಲ ಬಂತು. ಕೆಂಪು ಇನ್ನೇನು ಬಂದೇ ಬರುತ್ತೆ ಅಂತ ಕಟ್ಟುತ್ತಾ ಹೋದವರು ಅಪಾರ ದುಡ್ಡು ಕಳೆದುಕೊಂಡರು.

ಬೋರ್ಡ್ ನೋಡೋ ಬದಲು ಟೇಬಲ್‌ನ ನಿಯಮ ಕೇಳಿ. ಸೊನ್ನೆ ಬಂದಾಗ ಬಣ್ಣಕ್ಕೆ ಕಟ್ಟಿದ್ದರಲ್ಲಿ ಅರ್ಧ ವಾಪಸ್ ಕೊಡೋ ಕಡೆ ನಷ್ಟದ ದರ ಶೇ 2.70ರಿಂದ 1.35ಕ್ಕೆ ಇಳಿಯುತ್ತೆ. ಎರಡು ಸೊನ್ನೆಯ ಚಕ್ರದಲ್ಲಿ 5.26. ಒಂದೇ ಸೊನ್ನೆಯ ಮಾಮೂಲಿ ಟೇಬಲ್‌ನಲ್ಲಿ ಸುತ್ತಿಗೆ 500ರಂತೆ ಗಂಟೆಗೆ 40 ಸುತ್ತು ಆಡಿದರೆ ಸರಾಸರಿ ಖರ್ಚು 540 ರೂಪಾಯಿ, ಸರಣಿ ನೋಡಿ ಕಟ್ಟಿದರೂ ನೋಡದೆ ಕಟ್ಟಿದರೂ.

ಇಸ್ಪೀಟ್‌ರಾಣಿ
ಅಂದರ್ ಬಾಹರ್ (ತೆರೆದಿಟ್ಟ ಎಲೆಗೆ ಜೋಡಿ ಅಂದರ್, ಬಾಹರ್ ಎರಡರಲ್ಲಿ ಯಾವ ಕಡೆ ಬೀಳುತ್ತೆ ಅಂತ ಕಟ್ಟೋ ಇಸ್ಪೀಟ್ ಆಟ) ಟೇಬಲ್‌ಗೂ ಇದೇ ಪುಸ್ತಕ ತಗೊಂಡು ಹೋಗೋರಿಗೆ ಒಂದು ಮಾತು. ಅಲ್ಲಿ ಎರಡೂ ಕಡೆ ಸಮ ಅಲ್ಲ. ಮೊದಲ ಎಲೆ ಬೀಳೋ ಕಡೆಗೆ ಗೆಲುವು ಶೇ 51.5. ಹಾಗಾಗಿ ಮೊದಲ ಎಲೆ ಅಂದರ್‌ಗೆ ಹಾಕೋ ಕಡೆ ಅಂದರ್ ಸರಣಿ ತುಸು ಹೆಚ್ಚು ಕಾಣುತ್ತೆ, ಜನ ಅದನ್ನೇ ಪ್ಯಾಟರ್ನ್ ಅಂತ ಹಿಡೀತಾರೆ. ಆ ಕಡೆ 100ಕ್ಕೆ 90 ಮಾತ್ರ ಕೊಟ್ಟರೆ ನಷ್ಟ ಶೇ 2.15, ಬಾಹರ್‌ಗೆ 100ಕ್ಕೆ 100 ಕೊಟ್ಟರೂ ಶೇ 3. ಪ್ರತಿ ಆಟಕ್ಕೂ ಇಸ್ಪೀಟ್ ಕಟ್ಟು ಪೂರ್ತಿ ಕಲಸೋದರಿಂದ ಹಿಂದಿನದು ಮುಂದಕ್ಕೆ ಬರಲ್ಲ. ಬರೆಯೋದಾದರೆ ಮೊದಲ ಎಲೆ ಯಾವ ಕಡೆ ಬಿತ್ತು, ಗೆದ್ದ ಕಡೆಗೆ ಎಷ್ಟು ಕೊಟ್ಟರು, ಈ ಎರಡನ್ನೂ ತಪ್ಪದೆ ಬರೆಯಿರಿ.