ಪದಚರ್ಚೆ: ಗರಗಸಕ್ಕೆ ಹನಿಸುವ ಸೋಪಿನ ನೀರನ್ನು ‘ಕೀಲೆಣ್ಣೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಸಂಚಾರಿ ಸಾಮಿಲ್ ನಡೆಸುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ದಿಮ್ಮಿಯನ್ನು ಮಿಲ್ಲಿಗೆ ಸಾಗಿಸುವ ಬದಲು ಮಿಲ್ಲನ್ನೇ ದಿಮ್ಮಿ ಇದ್ದಲ್ಲಿಗೆ ಎಳೆದು ತರುವ ಯಂತ್ರ ಇದು. ದಿಮ್ಮಿ ಅಲುಗಾಡದೆ ಮಲಗಿರುತ್ತದೆ. ಗರಗಸವೇ ಹಳಿಯ ಮೇಲೆ ಸಾಗಿ ಹಲಗೆ ಸೀಳುತ್ತದೆ. ಯಂತ್ರದ ಹೆಸರಿನಲ್ಲಿ ತಕರಾರಿಲ್ಲ. ಸಂಚಾರಿ ಗ್ರಂಥಾಲಯ ಇದ್ದ ಮೇಲೆ ಸಂಚಾರಿ ಸಾಮಿಲ್ ಯಾಕಾಗಬಾರದು? ‘ಬ್ಲೇಡ್’ ಕೂಡ ಹಾಗೇ ಇಟ್ಟೆ. ಮಿಲ್ಲಿನವರ ಬಾಯಲ್ಲಿ ಇರುವುದೇ ಅದು.

ಸಿಕ್ಕಿಕೊಂಡದ್ದು ‘ಲೂಬ್ರಿಕೆಂಟ್’ ಹತ್ತಿರ, ಅಂದರೆ ಕೊಯ್ಯುವಾಗ ಬ್ಲೇಡಿಗೆ ಹನಿಸುವ ದ್ರವದ ಹೆಸರಿನ ಹತ್ತಿರ.

ನಿಘಂಟು ‘ಕೀಲೆಣ್ಣೆ’ ಅನ್ನುತ್ತದೆ. ಶಾಲೆಯ ವಿಜ್ಞಾನದ ಪಾಠದಲ್ಲೂ ಘರ್ಷಣೆ ಬಂದ ಕೂಡಲೇ ಬೆನ್ನಿಗೇ ಕೀಲೆಣ್ಣೆ ಬರುತ್ತದೆ. ಒಳ್ಳೆಯ ಪದ, ನನಗೆ ಇಷ್ಟದ್ದೇ. ಎತ್ತಿನ ಗಾಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ನೇತಾಡುತ್ತಿದ್ದ ಆ ಕಪ್ಪನೆಯ ಎಣ್ಣೆಯನ್ನು ಹಿರಿಯರು ನೋಡಿರುತ್ತೀರಿ. ಅಲ್ಲಿ ಕೀಲೂ ಇತ್ತು, ಎಣ್ಣೆಯೂ ಇತ್ತು. ಈ ಬ್ಲೇಡಿಗೆ ಎರಡೂ ಇಲ್ಲ.

ಬ್ಲೇಡ್ ಅಂದರೆ ಎರಡು ಚಕ್ರಗಳ ಮೇಲೆ ಬಿಗಿಯಾಗಿ ಸುತ್ತುವ ಉಕ್ಕಿನ ಪಟ್ಟಿ. ಅಗಲ ಸುಮಾರು ಒಂದೂಕಾಲು ಇಂಚು, ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಪೈನ್‌ನಂಥ ಹಸಿ ಮರ ಕೊಯ್ಯುವಾಗ ಮರದ ಅಂಟೂ ಹೊಟ್ಟೂ ಸೇರಿ ಪಟ್ಟಿಯ ಎರಡೂ ಮೈಗೆ ಮೆತ್ತಿಕೊಳ್ಳುತ್ತವೆ. ಮೆತ್ತಿಕೊಂಡದ್ದು ಮರಕ್ಕೆ ಉಜ್ಜಿ ಬಿಸಿಯಾಗುತ್ತದೆ. ಬಿಸಿಯಾದ ಪಟ್ಟಿ ಹಿಗ್ಗಿ ಸಡಿಲ ಬೀಳುತ್ತದೆ. ಆಮೇಲೆ ಅದು ನೇರ ಹೋಗುವುದಿಲ್ಲ, ಹಲಗೆ ಅಂಕುಡೊಂಕಾಗುತ್ತದೆ. ಇದನ್ನು ತಡೆಯಲು ಒಂದು ಟ್ಯಾಂಕಿನಿಂದ ನಲ್ಲಿ ತಿರುಗಿಸಿ ಬ್ಲೇಡಿನ ಮೇಲೆ ಹನಿ ಬಿಡುತ್ತಾರೆ. ಹೆಚ್ಚಿನವರು ಬಿಡುವುದು ಬರೀ ನೀರು, ಇಲ್ಲವೇ ಪಾತ್ರೆ ತೊಳೆಯುವ ಸೋಪು ಸ್ವಲ್ಪ ಕಲಸಿದ ನೀರು. ಧಾರೆ ಬೇಕಿಲ್ಲ, ಹನಿ ಸಾಕು. ಅಂಟು ಬಿಡದ ಮರವಾದರೆ ಕೆಲವರು ಏನೂ ಹಾಕದೆ ಕೊಯ್ಯುತ್ತಾರೆ.

ಅಂದರೆ ಈ ನೀರಿನ ಮುಖ್ಯ ಕೆಲಸ ಜಾರಿಸುವುದಲ್ಲ, ಅಂಟದಂತೆ ನೋಡಿಕೊಳ್ಳುವುದು. ಹಲಸಿನ ಹಣ್ಣು ಬಿಡಿಸುವ ಮುಂಚೆ ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇವಲ್ಲ, ಹಾಗೆ. ಆ ಎಣ್ಣೆಯನ್ನು ಯಾರಾದರೂ ಕೀಲೆಣ್ಣೆ ಅಂದದ್ದು ಕೇಳಿದ್ದೀರಾ?

ಇಷ್ಟು ಹಟ ಯಾಕೆ ಅಂದರೆ, ಇಲ್ಲಿ ಪದ ತಪ್ಪಿದರೆ ಯಂತ್ರ ಕೆಡುತ್ತದೆ. ‘ಕೀಲೆಣ್ಣೆ ಟ್ಯಾಂಕ್ ತುಂಬಿಸಿ’ ಅಂತ ನಾನು ಬರೆದು, ಓದಿದವನು ಹಳೇ ಎಂಜಿನ್ ಆಯಿಲ್ ಸುರಿದರೆ ತಪ್ಪು ಅವನದಾ, ನನ್ನದಾ? ಡೀಸೆಲ್ಲಿಗೆ ಚೈನ್ ಆಯಿಲ್ (ಚೈನ್ ಗರಗಸಕ್ಕೆ ಹಾಕುವ ಎಣ್ಣೆ) ಬೆರೆಸಿ ಹನಿಸುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅಂಟು ಚೆನ್ನಾಗಿ ಬಿಡುತ್ತದೆ, ತುಕ್ಕೂ ಹಿಡಿಯುವುದಿಲ್ಲ. ಆದರೆ ಎಷ್ಟೋ ಮಿಲ್ಲುಗಳಲ್ಲಿ ಚಕ್ರದ ಮೇಲೆ ರಬ್ಬರ್ ಬೆಲ್ಟ್ ಕೂರಿಸಿರುತ್ತಾರೆ. ಡೀಸೆಲ್ ಬಿದ್ದೂ ಬಿದ್ದೂ ಅದು ಉಬ್ಬಿ ಮೆತ್ತಗಾಗುತ್ತದೆ. ಹಲಗೆಗೆ ಕಲೆ, ವಾಸನೆ ಬೇರೆ. ಸೋಪಿನ ನೀರಿಗೆ ಇರುವ ದೊಡ್ಡ ಕಾಟ ತುಕ್ಕು. ಕೆಲಸ ಮುಗಿದ ಮೇಲೆ ಬ್ಲೇಡ್ ಒರೆಸಿಟ್ಟರೆ ಅದಕ್ಕೂ ದಾರಿ ಆಯಿತು. ಹಿಮ ಬೀಳುವ ದೇಶಗಳಲ್ಲಿ ನೀರು ಗಟ್ಟಿಯಾಗುತ್ತದೆ ಅಂತ ಕಾರಿನ ಗಾಜು ತೊಳೆಯುವ ದ್ರವ ಬಳಸುತ್ತಾರೆ. ನಮಗೆ ಆ ಚಿಂತೆ ಇಲ್ಲ.

ಬೇರೆ ಪದಗಳನ್ನೂ ನೋಡಿದೆ. ‘ಕೂಲೆಂಟ್’ ಲೇತ್ ಕೆಲಸದವರಿಗೆ ಚೆನ್ನಾಗಿ ಗೊತ್ತು, ಹಾಲಿನ ಬಣ್ಣದ ಆ ದ್ರವ. ಆದರೆ ಉಳಿದವರಿಗೆ ಕೂಲೆಂಟ್ ಅಂದರೆ ರೇಡಿಯೇಟರಿಗೆ ಹಾಕುವ ಹಸಿರು ನೀರು, ಅದನ್ನೇ ತಂದು ಸುರಿದಾರು. ಹಿಂದಿಯ ‘ಸ್ನೇಹಕ’ವನ್ನು ತಂದರೆ ಯಾರ ಸ್ನೇಹ ಅಂತ ಕೇಳುತ್ತಾರೆ. ಸದ್ಯಕ್ಕೆ ‘ಹನಿನೀರು’ ಅಂತ ಬರೆದಿದ್ದೇನೆ. ಟ್ಯಾಂಕಿಗೆ ‘ಹನಿನೀರಿನ ಡಬ್ಬಿ’. ‘ಬ್ಲೇಡಿಗೆ ಹನಿನೀರು ಬಿಡಿ’ ಅಂದರೆ ಏನು ಹಾಕಬೇಕು, ಎಷ್ಟು ಬಿಡಬೇಕು, ಎರಡೂ ಪದದಲ್ಲೇ ಬಂತು. ಹನಿ ನೀರಾವರಿ ಮಾಡಿದ ರೈತನಿಗೆ ವಿವರಿಸಬೇಕಾಗಿಯೂ ಇಲ್ಲ.

ಎರಡನೇ ತೊಡಕು, ಆ ಮೆತ್ತಿಕೊಳ್ಳುವ ವಸ್ತುವಿನದು. ನಮ್ಮಲ್ಲಿ ಪದಕ್ಕೆ ಬರವಿಲ್ಲ, ಜಾಸ್ತಿ ಇರುವುದೇ ಕಷ್ಟ. ಮಾವಿನದಾದರೆ ಸೊನೆ. ಹಲಸಿನದಾದರೆ ಮೇಣ. ಆದರೆ ಮೇಣ ಅಂದರೆ ಮೇಣದಬತ್ತಿಯದೂ ಆಯಿತು. ಗರಗಸ ಸಲೀಸಾಗಿ ಓಡಲಿ ಅಂತ ಬಡಗಿಗಳು ಆ ಮೇಣವನ್ನೇ ಉಜ್ಜುತ್ತಾರೆ. ಒಂದೇ ಪದ ರೋಗಕ್ಕೂ ಮದ್ದಿಗೂ ಆದರೆ ಹೇಗೆ? ‘ರಾಳ’ ಪೈನ್ ಮರಕ್ಕೆ ಸರಿಯಾಗಿ ಒಪ್ಪುತ್ತದೆ, ಆದರೆ ಓದುಗನ ಮೂಗಿಗೆ ಧೂಪದ ವಾಸನೆ ಬರುತ್ತದೆ. ‘ಹಾಲುಮಡ್ಡಿ’ ಅನ್ನುವ ಅಂಟು ಒಂದೇ ಜಾತಿಯ ಮರದ್ದು. ‘ಜಿಡ್ಡು’ ಎಣ್ಣೆಯ ಕಡೆಗೆ ಎಳೆಯುತ್ತದೆ, ಇದಾದರೋ ಒಣಗಿ ಗಟ್ಟಿಯಾಗಿ ಕೆರೆದರೆ ಚಕ್ಕೆ ಏಳುವಂಥದ್ದು. ನನಗೆ ತೋಚಿದ್ದು: ಮರದಲ್ಲಿ ಇರುವತನಕ ‘ಸೊನೆ’, ಬ್ಲೇಡಿನ ಮೇಲೆ ಒಣಗಿ ಕೂತ ಮೇಲೆ ‘ಕಿಟ್ಟ’. ‘ಬ್ಲೇಡಿಗೆ ಕಿಟ್ಟ ಕಟ್ಟಿದರೆ ಹನಿ ಜಾಸ್ತಿ ಮಾಡಿ.’ ಓದಲು ಸಲೀಸಾಗಿದೆ ಅಲ್ವಾ? ಆದರೆ ಕಬ್ಬಿಣದ ಕಿಟ್ಟವನ್ನು ಬಲ್ಲವರು ಇದನ್ನು ತುಕ್ಕು ಅಂದುಕೊಳ್ಳುವ ಭಯವೂ ಇದೆ. ತುಕ್ಕು ಅಂದುಕೊಂಡರೆ ನೀರನ್ನೇ ನಿಲ್ಲಿಸಿಬಿಡುತ್ತಾರೆ.

ಬಳಗದಲ್ಲಿ ಮಲೆನಾಡಿನವರು, ಕೊಡಗಿನವರು, ಕರಾವಳಿಯವರು ಇದ್ದೀರಿ. ನಿಮ್ಮ ಊರಿನ ಸಾಮಿಲ್ಲಿನಲ್ಲಿ, ಬಡಗಿಗಳ ನಡುವೆ, ಗರಗಸಕ್ಕೆ ಹೀಗೆ ಅಂಟಿಕೊಂಡದ್ದಕ್ಕೆ ಏನನ್ನುತ್ತಾರೆ? ರಬ್ಬರ್ ಮರ ಕೊಯ್ಯುವವರ ಮಾತು ಸಿಕ್ಕರೆ ಇನ್ನೂ ಒಳ್ಳೆಯದು, ಅವರಿಗೆ ಈ ಕಾಟ ಗೊತ್ತಿರುತ್ತದೆ. ನಿಘಂಟು ನನ್ನ ಹತ್ತಿರವೂ ಇದೆ, ನನಗೆ ಬೇಕಾದದ್ದು ಮಿಲ್ಲಿನ ಮಾತು. ‘ಹನಿನೀರು’ ಸರಿ ಕಾಣದಿದ್ದರೆ ಅದನ್ನೂ ಹೇಳಿ, ಬದಲಿ ಪದದ ಜೊತೆಗೆ.