ಕನ್ನಡಕ್ಕೆ ‘ಅತ್ಯುತ್ತಮ ನಟ’ ರಾಷ್ಟ್ರಪ್ರಶಸ್ತಿ ತಂದವರು ಯಾರ್ಯಾರು?

ಕ್ವಿಜ್ ಕಿಟ್ಟಿ:
ಆಫೀಸಿನ ರಾಜ್ಯೋತ್ಸವಕ್ಕೆ ಸಿನಿಮಾ ಕ್ವಿಜ್ ಇಟ್ಟುಕೊಂಡಿದ್ದೇವೆ. ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿಗೆ ಬಂತಲ್ಲ, ಅದೇ ಕನ್ನಡಕ್ಕೆ ಮೊದಲನೆಯದು ಅಂತ ನಮ್ಮ ಟೀಮಲ್ಲಿ ಒಬ್ಬರು ಪಟ್ಟು ಹಿಡಿದು ಕೂತಿದ್ದಾರೆ. ನಿಜವಾ? ಅಣ್ಣಾವ್ರಿಗೆ ಬಂದಿರಲೇಬೇಕಲ್ವಾ?

ಮ್ಯಾಟಿನಿ ಮೇಷ್ಟ್ರು:
ಮೊದಲನೆಯವರಲ್ಲ, ನಾಲ್ಕನೆಯವರು. ‘ಚೋಮನ ದುಡಿ’ಗೆ ಎಂ.ವಿ. ವಾಸುದೇವರಾವ್, ‘ತಬರನ ಕಥೆ’ಗೆ ಚಾರುಹಾಸನ್, ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಸಂಚಾರಿ ವಿಜಯ್. ಆಮೇಲೆ ರಿಷಬ್. ಪ್ರಶಸ್ತಿಯ ವರ್ಷಗಳು 1975, 1986, 2014, 2022. ಕ್ವಿಜ್‌ನಲ್ಲಿ ಜಗಳ ಹತ್ತಿಕೊಳ್ಳುವುದು ಇಲ್ಲೇ. 2022ರ ಪ್ರಶಸ್ತಿ ಘೋಷಣೆ ಆಗಿದ್ದು 2024ರ ಆಗಸ್ಟ್‌ನಲ್ಲಿ. ಯಾವ ವರ್ಷ ಕೇಳುತ್ತಿದ್ದೀರಿ ಅಂತ ಪ್ರಶ್ನೆಯಲ್ಲೇ ಬರೆದುಬಿಡಿ.

ಅಣ್ಣಾವ್ರಿಗೆ ನಟನೆಗೆ ಬರಲಿಲ್ಲ, ಹಾಡಿದ್ದಕ್ಕೆ ಬಂತು! ‘ಜೀವನ ಚೈತ್ರ’ದ ‘ನಾದಮಯ’ ಹಾಡು, 1992ರ ಅತ್ಯುತ್ತಮ ಗಾಯಕ. ಇದನ್ನು ಕೊನೆಯ ರೌಂಡಿಗೆ ಇಟ್ಟುಕೊಳ್ಳಿ.

ನಾಲ್ವರಲ್ಲಿ ನನ್ನ ಓಟು ವಾಸುದೇವರಾವ್‌ಗೆ. ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುವುದನ್ನು ನೋಡಿ. ಡೈಲಾಗ್ ಬೇಕಾಗಿಯೇ ಇಲ್ಲ. ಉಳಲು ಒಂದು ತುಂಡು ನೆಲ ಸಿಗದ ಸಿಟ್ಟೆಲ್ಲ ಆ ಕೈಯಲ್ಲೇ ಇದೆ.

ಕುಂದಾಪ್ರದ ಮಾಣಿ:
ಮೇಷ್ಟ್ರೇ, ನಮ್ಮ ಕೆರಾಡಿ ಊರಿನ ರಿಷಬ್ ಅವರನ್ನು ಬರೀ ‘ನಾಲ್ಕನೆಯವರು’ ಅಂತ ಹೇಳಿ ಮುಗಿಸಿಬಿಟ್ಟಿರಲ್ಲ! ನಿರ್ದೇಶನವೂ ಅವರದೇ. ಅದೇ ವರ್ಷ ಜನಪ್ರಿಯ ಮನರಂಜನಾ ಚಿತ್ರದ ಪ್ರಶಸ್ತಿಯೂ ‘ಕಾಂತಾರ’ಕ್ಕೇ ಬಂತು.

ಮ್ಯಾಟಿನಿ ಮೇಷ್ಟ್ರು:
ಮೈಲಿಗಲ್ಲು ಅಂತ ಹೇಳುವುದಿದ್ದರೆ ಅದನ್ನೇ ಹೇಳಿ ಮಾಣಿ. ಸುಮ್ನೆ ‘ಮೊದಲು, ಮೊದಲು’ ಅನ್ನಬೇಡಿ, ಅಷ್ಟೆ. ತಬರ ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯುವುದನ್ನು ನಾನು ನೋಡಿದ್ದು ದೂರದರ್ಶನದಲ್ಲಿ, ಭಾನುವಾರ ಮಧ್ಯಾಹ್ನ ಊಟ ಮುಗಿಸಿ. ‘ಕಾಂತಾರ’ದಲ್ಲಿ ಗುಳಿಗ ದೈವ ಕೂಗಿದಾಗ ಇಡೀ ಥಿಯೇಟರ್ ಗಪ್‌ಚುಪ್. ನನ್ನ ಪಕ್ಕದವರ ಪಾಪ್‌ಕಾರ್ನ್ ಕೈಯಲ್ಲೇ ಉಳಿದಿತ್ತು. ಜನ ಮುಗಿಬಿದ್ದು ನೋಡಿದ ಚಿತ್ರದ ನಟನಿಗೇ ಜ್ಯೂರಿಯೂ ಮಣೆ ಹಾಕಿತು. ನಮ್ಮಲ್ಲಿ ಈ ಎರಡೂ ಹೀಗೆ ಕೂಡಿಬರುವುದು ಅಪರೂಪ.

ಸಂಚಾರಿ ವಿಜಯ್ ವಿಷಯ ಬಂದರೆ ಮಾತ್ರ ಹೊಟ್ಟೆ ಚುರ್ ಅನ್ನುತ್ತದೆ. ಮಾದೇಶ ವಿದ್ಯಾ ಆಗುವ ಪಾತ್ರವನ್ನು ಎಲ್ಲೂ ನಗೆಪಾಟಲು ಮಾಡದೆ ನಿಭಾಯಿಸಿದ್ದರು. 2021ರಲ್ಲಿ ಬೈಕ್ ಅಪಘಾತದಲ್ಲಿ ಹೋಗಿಬಿಟ್ಟರು.

ಕ್ವಿಜ್ ಕಿಟ್ಟಿ:
ನಟಿಯರು ಯಾರು ಸಾರ್?

ಮ್ಯಾಟಿನಿ ಮೇಷ್ಟ್ರು:
ಅವರೇ ಮುಂದೆ! 1973ರಲ್ಲೇ ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ. ಆಮೇಲೆ ‘ಹಸೀನಾ’ಗೆ ತಾರಾ, ‘ಗುಲಾಬಿ ಟಾಕೀಸ್’ಗೆ ಉಮಾಶ್ರೀ. ಈ ಎರಡೂ ಗಿರೀಶ್ ಕಾಸರವಳ್ಳಿ ಚಿತ್ರಗಳು. ‘ಹಸೀನಾ’ದ ಮೂಲ ಕಥೆ ಯಾರದ್ದು ಅಂತಲೂ ಕೇಳಿ. ಉತ್ತರ ಬಾನು ಮುಷ್ತಾಕ್. ಬೂಕರ್ ಅಂತ ಸುಳಿವು ಮಾತ್ರ ಕೊಡಬೇಡಿ, ಎಲ್ಲರೂ ಬಜರ್ ಒತ್ತಿಬಿಡುತ್ತಾರೆ.